ಸಿಗ್ನಲ್ ದೀಪ ಅಲ್ಲ, ಪಕ್ಕದ ಪೆಟ್ಟಿಗೆ ನೋಡಿ

ರಸ್ತೆ ಮಾತು | ಭಾಗ 9

1/6
ಫೋಟೋದಲ್ಲಿ ನಿಮ್ಮ ಕಣ್ಣು ಮೊದಲು ಕೆಂಪು ದೀಪದ ಮೇಲೆ ಹೋಗಿರುತ್ತೆ. ಸಹಜ. ಆದರೆ ಫುಟ್‌ಪಾತ್ ಮೂಲೆಯಲ್ಲಿ ಮೈತುಂಬಾ ಪೋಸ್ಟರ್ ಅಂಟಿಸಿಕೊಂಡು ನಿಂತಿರೋ ಬೂದು ಪೆಟ್ಟಿಗೆ ಇದೆಯಲ್ಲ, ಇವತ್ತಿನ ಮಾತು ಅದರದ್ದು.

ಅದರ ಹೆಸರು ಕಂಟ್ರೋಲರ್. ಯಾವ ಕಡೆಗೆ ಎಷ್ಟು ಸೆಕೆಂಡ್ ಹಸಿರು ಅಂತ ದೀಪಕ್ಕೆ ಹೇಳೋದು ಅದೇ. ಹೊಸ ಕಾಲದ ಸಿಗ್ನಲ್‌ಗಳಲ್ಲಿ ಕ್ಯಾಮೆರಾ ಎಣಿಸಿದ ವಾಹನಗಳ ಲೆಕ್ಕ, ಕಂಟ್ರೋಲ್ ರೂಮಿನ ಆದೇಶ ಎಲ್ಲಾ ಬಂದು ಸೇರೋದು ಅಲ್ಲಿಗೇ. ನಾಳೆ ಆಂಬುಲೆನ್ಸ್ ಒಂದು ‘ದಾರಿ ಬಿಡಿ’ ಅಂತ ಸಂದೇಶ ಕಳಿಸಿದ್ರೆ ಅದನ್ನ ಕೇಳಿಸಿಕೊಳ್ಳಬೇಕಾದ್ದೂ ಅದೇ.

ನನ್ನ ಪ್ರಶ್ನೆ ಇಷ್ಟೇ: ಈ ಪೆಟ್ಟಿಗೆ ಯಾವ ಭಾಷೆ ಮಾತಾಡುತ್ತೆ? ಆ ಭಾಷೆ ಯಾರ ಸ್ವತ್ತು?

2/6
ಬೆಂಗಳೂರನ್ನೇ ತಗೊಳ್ಳಿ. 2024ರಲ್ಲಿ ಇಲ್ಲಿ ಅಡಾಪ್ಟಿವ್ ಸಿಗ್ನಲ್ ಶುರುವಾಯ್ತು. ಗುರಿ 165 ಜಂಕ್ಷನ್. ಅದರ ಮೆದುಳು ಸಿ-ಡ್ಯಾಕ್ ರೂಪಿಸಿದ ಕೋಸಿಕಾಸ್ಟ್ ಅನ್ನೋ ಸಾಫ್ಟ್‌ವೇರ್. ಇನ್ನೊಂದು ಕಡೆ, ಜಪಾನಿನ ಜೈಕಾ ನೆರವಿನ ಯೋಜನೆಯಲ್ಲಿ ನಗರದ ನಡುಭಾಗದ ಕೆಲವು ಜಂಕ್ಷನ್‌ಗಳಿಗೆ ಮೊಡೆರಾಟೊ ಅನ್ನೋ ಜಪಾನಿ ತಂತ್ರಜ್ಞಾನ. ಎರಡೂ ಒಳ್ಳೆಯವೇ, ನನ್ನ ತಕರಾರು ಅದಲ್ಲ.

ಆದರೆ ರಸ್ತೆಗೆ ಯೋಜನೆಯ ಗಡಿ ಗೊತ್ತಿಲ್ಲ. ಆಂಬುಲೆನ್ಸ್ ಒಂದು ವ್ಯವಸ್ಥೆಯ ಜಂಕ್ಷನ್ ದಾಟಿ ಇನ್ನೊಂದರ ಜಂಕ್ಷನ್‌ಗೆ ಬರುತ್ತೆ. ಒಂದೇ ಊರಲ್ಲಿ ಎರಡು, ನಾಳೆ ಮೂರು ಮೆದುಳು ಇರಲಿ, ತೊಂದರೆ ಇಲ್ಲ. ಅವು ಒಂದಕ್ಕೊಂದು ಮಾತಾಡಬೇಕು ಅನ್ನೋದು ಟೆಂಡರಿನ ಮೊದಲ ಪುಟದಲ್ಲೇ ಇರಬೇಕು. ಕೊನೆಯ ಪುಟದ ಸಣ್ಣ ಅಕ್ಷರದಲ್ಲಲ್ಲ.

ಇದೇನು ಹೊಸ ಯೋಚನೆ ಅಲ್ಲ. ಅಮೆರಿಕದಲ್ಲಿ ಎನ್‌ಟಿಸಿಐಪಿ, ಬ್ರಿಟನ್ನಿನಲ್ಲಿ ಯುಟಿಎಂಸಿ ಅಂತ ಸಾಮಾನ್ಯ ಮಾನದಂಡ ಕಟ್ಟೋ ಕೆಲಸ 1990ರ ದಶಕದಲ್ಲೇ ಶುರುವಾಗಿತ್ತು. ಉದ್ದೇಶ ಒಂದೇ: ಪೆಟ್ಟಿಗೆ ಒಬ್ಬರದ್ದು, ಸಾಫ್ಟ್‌ವೇರ್ ಇನ್ನೊಬ್ಬರದ್ದು ಆದರೂ ಕೆಲಸ ನಡೀಬೇಕು.

3/6
‘ನಮ್ಮಲ್ಲಿ ಇದೆಲ್ಲ ಆಗಲ್ಲ ಬಿಡಿ’ ಅಂತೀರಾ? ನಿಮ್ಮ ಕಾರಿನ ಗಾಜಿನ ಮೇಲೆ ನೋಡಿ. ಫಾಸ್ಟ್ಯಾಗ್!

ಟೋಲ್‌ಗೆ ಯಾವ ತಂತ್ರಜ್ಞಾನ ಅಂತ ನಿರ್ಧರಿಸೋಕೆ ಕೇಂದ್ರ ಸರ್ಕಾರ ಕೇಳಿದ್ದು ನಮ್ಮ ನಂದನ್ ನಿಲೇಕಣಿ ಅವರ ಸಮಿತಿಯನ್ನ. 2010ರಲ್ಲಿ ಆ ಸಮಿತಿ ಹೇಳಿದ್ದು: ಬ್ಯಾಟರಿ ಬೇಡದ ಅಗ್ಗದ ಆರ್‌ಎಫ್‌ಐಡಿ ಟ್ಯಾಗ್, ಅದೂ ಜಗತ್ತೆಲ್ಲ ಒಪ್ಪಿದ ಮುಕ್ತ ಮಾನದಂಡದ್ದು. ಆಮೇಲೆ 2017ರ ಡಿಸೆಂಬರಿನಿಂದ ಹೊಸ ನಾಲ್ಕು ಚಕ್ರದ ವಾಹನಗಳಿಗೆ ಕಡ್ಡಾಯ, 2021ರ ಫೆಬ್ರವರಿಯಿಂದ ಹೆದ್ದಾರಿ ಟೋಲ್‌ಗಳಲ್ಲಿ ಎಲ್ಲರಿಗೂ.

ಈಗ ಟ್ಯಾಗ್ ಯಾವ ಬ್ಯಾಂಕಿನದ್ದಾದ್ರೂ ಇರಲಿ, ಟೋಲ್ ಯಾವ ಕಂಪನಿಯದ್ದಾದ್ರೂ ಇರಲಿ, ಗೇಟು ತೆಗೆಯುತ್ತೆ. ಕ್ಯೂ ಇಲ್ಲವೇ ಇಲ್ಲ ಅಂತ ಹೇಳ್ತಿಲ್ಲ. ಆದರೆ ಪ್ರತಿ ಟೋಲ್‌ಗೂ ಬೇರೆ ಬೇರೆ ಟ್ಯಾಗ್ ಇದ್ದಿದ್ರೆ? ಗಾಜಿನ ತುಂಬಾ ಸ್ಟಿಕ್ಕರೇ ಇರ್ತಿತ್ತು.

4/6
ಹಾಗಂತ ಮಾನದಂಡ ಬರೆದ ಕೂಡಲೇ ಎಲ್ಲಾ ಸರಿಹೋಗಲ್ಲ. ಇದಕ್ಕೂ ಒಂದು ಪಾಠ ಇದೆ, ಅಮೆರಿಕದ್ದು.

ವಾಹನಗಳು ಸಿಗ್ನಲ್ ಜೊತೆ, ಒಂದು ಇನ್ನೊಂದರ ಜೊತೆ ಮಾತಾಡಲಿ ಅಂತ 1999ರಲ್ಲೇ ಅಲ್ಲಿ 5.9 ಗಿಗಾಹರ್ಟ್ಸ್‌ನಲ್ಲಿ 75 ಮೆಗಾಹರ್ಟ್ಸ್ ತರಂಗಾಂತರ ಮೀಸಲಿಟ್ರು. ಡಿಎಸ್‌ಆರ್‌ಸಿ ಅನ್ನೋ ತಂತ್ರಜ್ಞಾನ. ಕೆಲವು ನಗರಗಳು ರಸ್ತೆಬದಿಗೆ ರೇಡಿಯೋ ಹಾಕಿದ್ವು. ಆದರೆ ಕಾರು ಕಂಪನಿಗಳು ಆ ರೇಡಿಯೋನ ಕಾರಿಗೆ ಹಾಕಿದ್ದು ಅಪರೂಪ. ಕಂಬ ಮಾತಾಡ್ತಾನೇ ಇತ್ತು, ಕೇಳೋರು ಇರಲಿಲ್ಲ. 2020ರಲ್ಲಿ ನಿಯಂತ್ರಕರು ಅದರಲ್ಲಿ 45 ಮೆಗಾಹರ್ಟ್ಸ್ ತೆಗೆದು ವೈಫೈಗೆ ಕೊಟ್ರು. ಉಳಿದ 30 ಮೊಬೈಲ್ ನೆಟ್‌ವರ್ಕ್ ತಂತ್ರಜ್ಞಾನದಿಂದ ಬಂದ ಸಿ-ವಿ2ಎಕ್ಸ್‌ಗೆ. ಹಳೇ ರೇಡಿಯೋ ಹಾಕಿಸಿದ್ದ ನಗರಗಳು ಮತ್ತೆ ಬದಲಾಯಿಸೋ ಪರಿಸ್ಥಿತಿ.

ಮಾನದಂಡ ಇದ್ದು ತಯಾರಕರು ಸಿದ್ಧ ಇಲ್ಲದಿದ್ರೆ ಹೀಗೆ. ತಯಾರಕರು ಸಿದ್ಧ ಇದ್ದು ಮಾನದಂಡ ಇಲ್ಲದಿದ್ರೆ, ಕುದುರೆ ನಮ್ಮದು, ಲಗಾಮು ಬೇರೆಯವರ ಕೈಲಿ.

5/6
ಕಂಪನಿಯವರ ಮಾತೂ ಕೇಳೋಣ, ಅದೂ ನ್ಯಾಯವೇ. ‘ಯಾವ ನಗರವೂ ಕೇಳದ ಗುಣಕ್ಕೆ ನಾವ್ಯಾಕೆ ದುಡ್ಡು ಹಾಕಬೇಕು?’ ಅಂತಾರೆ ಅವರು. ನಗರದವರು ‘ಮಾರುಕಟ್ಟೆಯಲ್ಲಿ ಇಲ್ಲದ್ದನ್ನ ಹೇಗೆ ಕೇಳೋಣ?’ ಅಂತಾರೆ. ಬೀಜ ಮೊದಲೋ ವೃಕ್ಷ ಮೊದಲೋ!

ಈ ಗಂಟು ಬಿಚ್ಚಬೇಕಾದ್ದು ಕೊಳ್ಳೋರು ಅಂತ ನನ್ನ ಅಭಿಪ್ರಾಯ. ಯಾಕಂದ್ರೆ ದುಡ್ಡು ಇರೋದು ಅವರ ಹತ್ರ, ಅಂದ್ರೆ ನಮ್ಮದು. ಬ್ರೋಷರ್ ನೋಡಿ ಕೊಳ್ಳೋ ಬದಲು ಒಂದು ನಿಜವಾದ ಜಂಕ್ಷನ್ನನ್ನೇ ಪರೀಕ್ಷೆಗೆ ಬಿಟ್ಟುಕೊಡಿ. ದೊಡ್ಡ ಕಂಪನಿನೂ ಬರಲಿ, ನಾಲ್ಕು ಜನರ ಸ್ಟಾರ್ಟಪ್ಪೂ ಬರಲಿ. ಕೋಟಿಗಟ್ಟಲೆ ವಹಿವಾಟು ಇಲ್ಲ ಅಂತ ಸಣ್ಣವರನ್ನ ಬಾಗಿಲಲ್ಲೇ ನಿಲ್ಲಿಸಬೇಡಿ.

ಪರೀಕ್ಷೆ ನಮ್ಮ ರಸ್ತೆಯದ್ದೇ ಆಗಿರಲಿ. ಲೇನ್ ಹಿಡಿಯದ ಬೈಕು, ಆಟೋ, ದನ, ಆಷಾಢದ ಮಳೆ, ಕರೆಂಟ್ ಹೋಗೋದು, ರಸ್ತೆ ಅಗೆಯುವಾಗ ಕೇಬಲ್ ತುಂಡಾಗೋದು. ಸಂಪರ್ಕ ಕಡಿದಾಗ ಪೆಟ್ಟಿಗೆ ತಾನೇ ಸಂಭಾಳಿಸುತ್ತಾ, ಇಲ್ಲಾ ಕಾನ್‌ಸ್ಟೇಬಲ್ ಬಿಸಿಲಲ್ಲಿ ನಿಂತು ಕೈ ಆಡಿಸಬೇಕಾ? ಸಿದ್ಧತೆ ಗೊತ್ತಾಗೋದು ಅಲ್ಲಿ.

6/6
ನಿಮ್ಮ ಊರಲ್ಲಿ, ಮೈಸೂರಿರಲಿ, ಮಂಗಳೂರಿರಲಿ, ಹುಬ್ಬಳ್ಳಿ ಇರಲಿ, ‘ಸ್ಮಾರ್ಟ್ ಸಿಗ್ನಲ್’ ಉದ್ಘಾಟನೆ ಅಂತ ಫ್ಲೆಕ್ಸ್ ಬಿದ್ರೆ ಮೂರೇ ಪ್ರಶ್ನೆ ಕೇಳಿ:

• ಈ ಪೆಟ್ಟಿಗೆ ಬೇರೆ ಕಂಪನಿಯ ಸಾಫ್ಟ್‌ವೇರ್ ಜೊತೆ ಕೆಲಸ ಮಾಡೋದನ್ನ ಯಾರಾದ್ರೂ ಕಣ್ಣಾರೆ ನೋಡಿದ್ದಾರಾ?
• ಇದು ಕೂಡಿಸೋ ಡೇಟಾ ನಗರದ್ದಾ, ಕಂಪನಿಯದ್ದಾ?
• ಗುತ್ತಿಗೆ ಮುಗಿದ ಮಾರನೇ ದಿನ ಪಾಸ್‌ವರ್ಡ್ ಯಾರ ಹತ್ರ ಇರುತ್ತೆ, ಬಿಡಿಭಾಗ ಎಲ್ಲಿ ಸಿಗುತ್ತೆ?

ಉತ್ತರ ಸಿಗದಿದ್ರೆ ಆ ಸಿಗ್ನಲ್ ಸ್ಮಾರ್ಟ್ ಅಲ್ಲ, ಮಾರಿದವರು ಸ್ಮಾರ್ಟ್.

ಆಂಬುಲೆನ್ಸ್ ಒಳಗೆ ಮಲಗಿರೋರಿಗೆ ಯಾವ ಕಂಪನಿ ಗೆದ್ದಿತು ಅನ್ನೋದು ಬೇಕಿಲ್ಲ. ಮುಂದಿನ ದೀಪ ಹಸಿರಾಗಬೇಕು, ಅಷ್ಟೇ.

ನಿಮ್ಮ ಏರಿಯಾ ಪೆಟ್ಟಿಗೆಯ ಕಥೆ ಏನು? ಕಾಮೆಂಟಲ್ಲಿ ಹೇಳಿ. ಮುಂದಿನ ಭಾಗದಲ್ಲಿ ಬಸ್ ಆದ್ಯತೆ ಬಗ್ಗೆ ಮಾತಾಡೋಣ.

#ರಸ್ತೆಮಾತು #ಸಿಗ್ನಲ್ #ನಮ್ಮದುಡ್ಡು #ಬೆಂಗಳೂರುಟ್ರಾಫಿಕ್