ಪಾಟಾ ಏರಸಿದ್ರ ಹೌಸಿಂಗ್ ಏರೂದಿಲ್ಲ

ಸುಗ್ಗಿ ಹತ್ರ ಬಂತಂದ್ರ ಸಾಕು, ನಮ್ಮ ಕಡೆ ಗ್ಯಾರೇಜ್ ಮುಂದ ಹಳೇ ಪಿಕಪ್ ಸಾಲು ಹಚ್ಚತಾವು. "ಹಿಂದ ಎರಡ ಪಾಟಾ ಹೆಚ್ಚಿಗಿ ಹಾಕು, ಎರಡ ಇಂಚ ಏರಸು" ಅನ್ನೂದು, ಚಾ ಕುಡದ ಬರೂದು. ಸಂಜಿಕ ಗಾಡಿ ಒದಿಯಾಕ ನಿಂತ ಕತ್ತೆಯಂಗ ಹಿಂದ ಎತ್ತಿ ನಿಂತಿರತೈತಿ. ಮಾಲಕ ಖುಷಿ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ನಾಕೂ ತಾಲೂಕಿನ್ಯಾಗ ಇದ ರೂಢಿ ಆಗೈತಿ. ನಾ ಏರಸೂದಕ್ಕ ವಿರೋಧಿ ಅಲ್ರಿ. ಹಿಂಗ ಏರಸೂದಕ್ಕ ವಿರೋಧಿ.

ಮೊದಲ ಒಂದ ಪ್ರಶ್ನೆ. ಏರಸೂದು ಯಾಕ? ಎರಿ ಹೊಲದ ದಾರ್‍ಯಾಗ ಟ್ರ್ಯಾಕ್ಟರ್ ಗಾಲಿ ಕೊರದ ಹಳ್ಳ ಬಿದ್ದಿರತಾವು, ನಡಕ ದಿಬ್ಬ ಇರತೈತಿ, ಗಾಡಿ ತಳ ಹತ್ತತೈತಿ ಅಂತ. ಖರೆ. ಆದ್ರ ಹತ್ತೂದು ಯಾವುದು? ಒಮ್ಮೆ ಸಿಕ್ಕ ಗಾಡಿ ಕೆಳಗ ಬಗ್ಗಿ ನೋಡ್ರಿ. ಚಾಸಿ ಅಲ್ಲ, ಹಿಂದಿನ ಹೌಸಿಂಗ್‌ನ ನಡಕಿನ ಗುಂಡ ದಿಬ್ಬಕ್ಕ ಕೂತಿರತೈತಿ. ಆ ಹೌಸಿಂಗ್ ಪಾಟಾದ ಕೆಳಗಿನ ಸಾಮಾನು. ಅದರ ಎತ್ತರ ಟಾಯರ್ ಮ್ಯಾಲ ನಿಂತೈತಿ, ಪಾಟಾದ ಮ್ಯಾಲ ಅಲ್ಲ. ನೀವ ನಾಕ ಪಾಟಾ ಹಾಕಸ್ರಿ, ಹತ್ತ ಹಾಕಸ್ರಿ, ಗುಂಡ ಮೊದಲ ಎಲ್ಲಿತ್ತೋ ಅಲ್ಲೇ ಇರತೈತಿ. ಏರೂದು ಬಾಡಿ ಮತ್ತ ಹೇರಿದ ಮಾಲು. ಟಾಯರ್ ಎತ್ತರ ಎರಡ ಇಂಚ ಹೆಚ್ಚಾದ್ರ ಗುಂಡ ಒಂದ ಇಂಚ ಏರತೈತಿ. ಅದಕ್ಕೂ ಕಂಪನಿ ಬರದ ಸೈಜ್ ದಾಟೂದು ಬ್ಯಾಡ.

ಹಂಗಾರ ಪಾಟಾ ಕೆಲಸ ಸುಳ್ಳೇನು? ಸುಳ್ಳಲ್ಲ. ಹತ್ತ ಹನ್ನೆರಡ ವರ್ಷ ಹೇರಿದ ಗಾಡಿ ಪಾಟಾ ಸತ್ತಿರತಾವು, ಕಮಾನ ಹೋಗಿ ಕೋಲಿನಂಗ ನೆಟ್ಟಗ ಆಗಿರತಾವು. ಇವತ್ತ ನೀವ "ತಗ್ಗ ಆಗೈತಿ" ಅನ್ನೂದು ಆ ಸತ್ತ ಪಾಟಾದ ಎತ್ತರ, ಗಾಡಿ ಹುಟ್ಟಿದಾಗಿನ ಎತ್ತರ ಅಲ್ಲ. ನಮ್ಮ ಗಾಡಿಗೆ ಪೂರಾ ಸೆಟ್ ಹೊಸಾದು ಹಾಕಿಸಿದ್ವಿ, ಒಂದೂ ಹೆಚ್ಚಿಗಿ ಪಾಟಾ ಇಲ್ಲ. ಒಂದ ಇಂಚಿನ ಮ್ಯಾಲ ಏರಿತು. ಕೆಲವರು ಹಳೇ ಪಾಟಾನ ಭಟ್ಟಿಗೆ ಹಾಕಿ ಕಾಸಿ ಬಡದ ಕಮಾನ ಮಾಡಸತಾರ. ಪಾಟಾದ ಉಕ್ಕಿಗೆ ಹದಾ ಇರತೈತಿ, ಕುಡಗೋಲಿಗೆ ಇದ್ದಂಗ. ಭಟ್ಟ್ಯಾಗ ಕಾಸಿ ಸುಮ್ಮನ ಆರಾಕ ಬಿಟ್ರ ಆ ಹದಾ ಹೋತು. ಎರಡ ತಿಂಗಳಕ್ಕ ಮತ್ತ ಕೂತಿರತೈತಿ, ಇಲ್ಲಾ ಮುರದಿರತೈತಿ.

ಈಗ ಅಸಲಿ ತಕರಾರು. ಎತ್ತರ ಬದಲಾದ್ರ ಪಾಟಾ ಒಂದ ಬದಲಾಗೂದಿಲ್ಲ, ಅದಕ್ಕ ಕಟ್ಟಿಕೊಂಡಿದ್ದೆಲ್ಲಾ ಬದಲಾಗತೈತಿ. ನಮ್ಮ ಮಂದಿ ರೊಕ್ಕಾ ಪಾಟಾಕ್ಕ ಅಷ್ಟ ಬಿಚ್ಚತಾರ.

ಯು ಬೋಲ್ಟ್ ತಗೋರಿ. ಹೆಚ್ಚಿಗಿ ಪಾಟಾ ಹಾಕಿದಾಗ ಕಟ್ಟು ದಪ್ಪ ಆಗತೈತಿ, ಹಳೇ ಯು ಬೋಲ್ಟ್‌ನ ತುದಿಗೆ ನಟ್ಟಿಗೆ ನಾಕ ಸುತ್ತಿನ ಥ್ರೆಡ್ಡೂ ಸಿಗೂದಿಲ್ಲ. ಸಿಕ್ರೂ ಅದು ಒಮ್ಮೆ ಜಗ್ಗಿ ಬಿಗಿದ ಬೋಲ್ಟು, ಮತ್ತ ಅಷ್ಟ ಬಿಗಿ ಹಿಡಿಯೂದಿಲ್ಲ. ಅದು ಸಡಲಾತಂದ್ರ ಭಾರ ಎಲ್ಲಾ ಸೆಂಟರ್ ಬೋಲ್ಟಿಗೆ ಬೀಳತೈತಿ. ಸೆಂಟರ್ ಬೋಲ್ಟ್ ಕಟ್ ಆತಂದ್ರ ಹೌಸಿಂಗ್ ಒಂದ ಬಾಜೂ ಹಿಂದ ಸರೀತೈತಿ, ಗಾಡಿ ಏಡಿಯಂಗ ಅಡ್ಡಡ್ಡ ಓಡತೈತಿ. ಅದು ಹೊಲದ ದಾರ್‍ಯಾಗ ಆದ್ರ ಪುಣ್ಯಾ, ಕಿತ್ತೂರ ಮುಂದ ಹೈವೇದಾಗ ಆದ್ರ? ಪಾಟಾ ಬಿಚ್ಚಿದ್ರ ಯು ಬೋಲ್ಟ್, ಸೆಂಟರ್ ಬೋಲ್ಟ್ ಹೊಸಾವು ಹಾಕಬೇಕು. ನೂರಿನ್ನೂರು ಕಿಲೋಮೀಟರ್ ಹೇರಿ ಓಡಿದ ಮ್ಯಾಲ ಮತ್ತೊಮ್ಮೆ ಬಿಗಿಸಬೇಕು. ಈ ಎರಡನೇ ಸಲ ಬಿಗಿಸಾಕ ಹೋಗುವವರ ಪೈಕಿ ಒಬ್ಬನ್ನೂ ನಾ ನೋಡಿಲ್ಲ.

ಶಾಕಪ್ ಕತಿ ಬ್ಯಾರೆ. ಅದಕ್ಕ ಒಂದ ಅಳತಿ ಇರತೈತಿ, ಅಷ್ಟ ಜಗ್ಗತೈತಿ, ಅಷ್ಟ ಕುಗ್ಗತೈತಿ. ಗಾಡಿ ಎರಡ ಇಂಚ ಏರಸಿದ್ರ ಹಳೇ ಶಾಕಪ್ ನಿಂತಲ್ಲೇ ಮುಕ್ಕಾಲ ಜಗ್ಗಿ ನಿಂತಿರತೈತಿ. ಗಾಲಿ ತಗ್ಗಿಗೆ ಇಳದಾಗ ಅದ ಹಗ್ಗ ಆಗಿ ಹೌಸಿಂಗ್ ಜಗ್ಗತೈತಿ, ಕಡೀಕ ಬ್ರ್ಯಾಕೆಟ್ ಕಿತ್ತ ಬರತೈತಿ. ಪರೀಕ್ಷೆ ಸರಳ ಐತಿ: ಚಾಸಿಗೆ ಜಾಕ್ ಕೊಟ್ಟು, ಕೆಳಗ ಗಟ್ಟಿ ಸ್ಟ್ಯಾಂಡ್ ಇಟ್ಟು, ಗಾಲಿ ಜೋತ ಬಿಡ್ರಿ. ಆವಾಗೂ ಶಾಕಪ್‌ದಾಗ ಇನ್ನೂ ಸ್ವಲ್ಪ ಜಗ್ಗು ಉಳದಿರಬೇಕು. ಅದ ಹೊತ್ತಿನ್ಯಾಗ ಬ್ರೇಕ್ ಹೋಜ್ ಪೈಪ್ ನೋಡ್ರಿ, ಸ್ಟೇರಿಂಗ್ ಎರಡೂ ಕಡೆ ಪೂರಾ ತಿರುವಿ ನೋಡ್ರಿ. ತಂತಿಯಂಗ ಬಿಗದಿದ್ರ ಉದ್ದಂದು ಹಾಕಸೂದು ಬಿಟ್ಟು ಬ್ಯಾರೆ ಮಾತಿಲ್ಲ.

ಬುಶ್, ಶ್ಯಾಕಲ್ ಪಿನ್ ಹೆಂಗೂ ಹಳೇ ಗಾಡ್ಯಾಗ ಹೋಗಿರತಾವು, ಬಿಚ್ಚಿದಾಗಲೇ ಬದಲಿಸ್ರಿ. ಉದ್ದ ಶ್ಯಾಕಲ್ ಹಾಕಿ ಏರಸೂ ಶ್ಯಾಣ್ಯಾರೂ ಅದಾರ. ಶ್ಯಾಕಲ್ ಎರಡ ಇಂಚ ಉದ್ದ ಮಾಡಿದ್ರ ಗಾಡಿ ಏರೂದು ಸುಮಾರು ಒಂದ ಇಂಚ, ಮುಂದಿನ ಅಚ್ಚಿನ್ಯಾಗ ಹಂಗ ಮಾಡಿದ್ರ ಸ್ಟೇರಿಂಗ್ ಗುಣಾನ ಕೆಡಬಹುದು. ಮುಂದಿನ ಪಾಟಾಕ್ಕ ಕಬ್ಬಿಣದ ಬ್ಲಾಕ್ ಇಡಾಕ ಯಾರರ ಹೇಳಿದ್ರ ಗಾಡಿ ತಿರುವಿಕೊಂಡ ಬರ್ರಿ. ಬ್ರೇಕ್ ಒತ್ತಿದಾಗ ಮುಂದಿನ ಅಚ್ಚಿಗೆ ಬೀಳೂ ತಿರುವು ಆ ಬ್ಲಾಕ್‌ನ ಒದ್ದ ಹೊರಗ ಹಾಕಬಹುದು. ಹಿಂದ ಜಾಯಿಂಟ್ ಕೋನ ಬದಲಾಗಿ ಗುಂಯ್ ಅಂದ್ರ, ಕ್ರಾಸ್ ಮ್ಯಾಲಿಂದ ಮ್ಯಾಲ ಹೋದ್ರ, ಅದೂ ಈ ಎತ್ತರದ ಕಾಣಿಕೀನ.

ಯಾರೂ ಮಾತಾಡದ ಒಂದ ಸಾಮಾನು ಐತಿ, ಲೋಡ್ ವಾಲ್ವ್. ಭಾಳ ಪಿಕಪ್‌ಗಳಾಗ ಚಾಸಿಯಿಂದ ಹಿಂದಿನ ಹೌಸಿಂಗಿಗೆ ಒಂದ ಸಣ್ಣ ಸಲಾಕಿ ಇಲ್ಲಾ ಸ್ಪ್ರಿಂಗ್ ಕೊಟ್ಟಿರತಾರ. ಮಾಲು ಹೇರಿದಾಗ ಚಾಸಿ ಕೆಳಗ ಕೂಡತೈತಿ, ಸಲಾಕಿ ಅದನ್ನ ತಿಳಕೊಂಡ ಹಿಂದಿನ ಗಾಲಿಗೆ ಬ್ರೇಕ್ ಹೆಚ್ಚ ಬಿಡತೈತಿ. ಖಾಲಿ ಇದ್ದಾಗ ಕಡಿಮಿ ಬಿಡತೈತಿ, ಹಿಂದಿನ ಗಾಲಿ ಜಾರಬಾರದು ಅಂತ. ನೀವ ಎರಡ ಪಾಟಾ ಹೆಚ್ಚಿಗಿ ತುರುಕಿದ್ರಿ, ಚಾಸಿ ಕೂಡೂದ ನಿಂತತು. ಮ್ಯಾಲ ಉಳ್ಳಾಗಡ್ಡಿ ಚೀಲ ತುಂಬಿ ತುಳಕಾಕತ್ತಾವು, ವಾಲ್ವ್‌ಗೆ ಮಾತ್ರ ಗಾಡಿ ಖಾಲಿ. ಹಿಂದ ಬ್ರೇಕ್ ಅರ್ಧಾ. ಪೆಡಲ್ ಎಷ್ಟ ತುಳದ್ರೂ ಮುಂದಿನ ಗಾಲಿಗಷ್ಟ ಜೋರು, ಇಳಜಾರಿನ್ಯಾಗ ಕಾದ ಹೋಗತಾವು. ಇದಕ್ಕ ಕೆಲವರು ಸಲಾಕಿನ ತಂತಿಲೆ ಮ್ಯಾಲ ಎತ್ತಿ ಕಟ್ಟತಾರ. ಆವಾಗ ಖಾಲಿ ಗಾಡಿ ಮಳ್ಯಾಗ ಬ್ರೇಕ್ ಹಾಕಿದ ಕೂಡಲೇ ಹಿಂದ ತಿರಗಿ ನಿಲ್ಲತೈತಿ. ಎತ್ತರ ಬದಲಿಸಿದ್ರ ವಾಲ್ವ್ ಅಳತಿ ಹಿಡದು ಮತ್ತ ಕೂಡಸಬೇಕು. ಅದನ್ನ ಬಲ್ಲ ಮಿಸ್ತ್ರಿ ಸಿಗಲಿಲ್ಲಂದ್ರ ಎತ್ತರ ಬದಲಿಸೂದ ಬ್ಯಾಡ.

"ಎಲ್ಲಾರೂ ಹಾಕ್ಸ್ಯಾರ, ಏನಾಗೈತಿ?" ಅಂತೀರಿ. "ಪಾಟಾ ಹಾಕಿದ್ರ ಎರಡ ಟನ್ ಆರಾಮ ಹೊರತೈತಿ" ಅಂತೀರಿ. ಪಾಟಾ ಹೊರತೈತಿ, ಒಪ್ಪಿದೆ. ಹೌಸಿಂಗ್, ಬೇರಿಂಗ್, ಬ್ರೇಕ್ ಡ್ರಮ್ಮು, ಟಾಯರು? ಅವು ಹಳೇವ ಅದಾವಲ್ಲ. ಬಿರುಸು ಪಾಟಾದ ಏಟು ಸೀದಾ ಚಾಸಿಗೆ ಹೋಗಿ ಪಾಟಾ ಹ್ಯಾಂಗರ್ ಹತ್ರ ಚಾಸಿ ಸೀಳತೈತಿ. ಕಾಯ್ದೇನೂ ಸುಮ್ಮನಿಲ್ಲ. 2019ರ ತಿದ್ದುಪಡಿ ಆದ ಮ್ಯಾಲ ಹೆಚ್ಚ ಹೇರಿದ್ರ ಕಲಂ 194ರಾಗ 20,000 ರೂಪಾಯಿ, ಮ್ಯಾಲ ಹೆಚ್ಚಿನ ಒಂದೊಂದ ಟನ್ನಿಗೆ 2,000. ಕಲಂ 52 ಪರವಾನಗಿ ಇಲ್ಲದ ಬದಲಾವಣಿ ಬ್ಯಾಡ ಅಂತೈತಿ. 2019ರ ಜನವರ್‍ಯಾಗ ಸುಪ್ರೀಂ ಕೋರ್ಟೂ ಕಂಪನಿ ಮಾಡಿದ ಮೂಲ ವಿವರಕ್ಕ ವಿರುದ್ಧ ಗಾಡಿ ಬದಲಿಸಬಾರದು ಅಂದೈತಿ. ಅದಕ್ಕ ನನ್ನ ಮಾತು ಇಷ್ಟ: ಗಾಡಿ ಹುಟ್ಟಿದ ಎತ್ತರಕ್ಕ ತರ್‍ರಿ, ಗಟ್ಟಿ ಸಾಮಾನು ಹಾಕ್ರಿ, ಅದರ ಮ್ಯಾಲ ಆಸೆ ಬ್ಯಾಡ. ರೊಕ್ಕಾ ಹೆಚ್ಚ ಬೀಳತೈತಿ ಅನ್ನೂದೂ ಖರೆ. ಹಂಗಾರ ಈ ವರ್ಷ ಶಾಕಪ್, ಬುಶ್, ಯು ಬೋಲ್ಟ್ ಮಾಡಸ್ರಿ, ಪಾಟಾ ಸೆಟ್ ಮುಂದಿನ ವರ್ಷ. ನಮ್ಮ ಮಂದಿ ಉಲ್ಟಾ ಮಾಡತಾರ.

ಮೇವಿನ ಚಕ್ಕಡಿ ಎತ್ತರ ಹೇರಿದಾಗ ಒಡ್ಡ ದಾಟಸೂ ಮುಂದ ಹಿಂದ ಒಬ್ಬ ಹಗ್ಗಾ ಹಿಡದ ಜಗ್ಗತಿದ್ದ, ನೆಪ್ಪ ಐತೇನ್ರಿ? ಭಾರ ಮ್ಯಾಲ ಹೋದಂಗ ಚಕ್ಕಡಿ ಉರುಳಾಕ ಕಾದಿರತೈತಿ. ಪಿಕಪ್‌ಗೂ ಅದ ಲೆಕ್ಕ. ಭರತ ಹುಣ್ಣಿವಿಗೆ ಯಲ್ಲಮ್ಮನ ಗುಡ್ಡಕ್ಕ ಹೋಗೂ ಮುಂದ ಇದ ಏರಸಿದ ಗಾಡ್ಯಾಗ ಹೆಣಮಕ್ಕಳು, ಹುಡುಗರು, ಮುದುಕರನ್ನ ತುಂಬಿ ನಿಲ್ಲಸಿರತಾರ. ನಿಂತ ಮಂದಿ ಭಾರ ಚೀಲದ ಭಾರದಂಗ ಕೆಳಗ ಕೂಡೂದಿಲ್ಲ, ತಿರುವಿನ್ಯಾಗ ಎಲ್ಲಾರೂ ಒಂದ ಕಡೆ ವಾಲತಾರ. ಮಾಲು ಗಾಡ್ಯಾಗ ಹಂಗ ಕರಕೊಂಡ ಹೋದ ಮಂದಿಗೆ ವಿಮಾ ಕಂಪನಿ ಹೊಣೆ ಅಲ್ಲ ಅಂತ ಸುಪ್ರೀಂ ಕೋರ್ಟ್ 2002ರಾಗ ಹೇಳೈತಿ. ಪರಿಹಾರ ಮಾಲಕನ ಹೊಲದಿಂದ ಬರಬೇಕು. ಜಾತ್ರಿಗೆ ಬಸ್ ಅದಾವು, ಮಂದಿನ ಅದರಾಗ ಕಳಸ್ರಿ. ಪಿಕಪ್‌ದಾಗ ಬುತ್ತಿ, ಪಾತ್ರಿ, ಹಾಸಿಗಿ ಹಾಕ್ರಿ. ಹೊಂಡೂಕಿಂತ ಮೊದಲ ಗಾಡಿ ಕೆಳಗ ಬಗ್ಗಿ ಲೋಡ್ ವಾಲ್ವ್ ಸಲಾಕಿ ನೋಡ್ರಿ, ತಂತಿ ಕಟ್ಟಿದ್ರ ಇವತ್ತ ಬಿಚ್ಚಸ್ರಿ.