ರಚನೆ: ಜಾನಪದ, ಸಂಗೀತ: ನಾವು?

ಹಾಡು ಅಪ್‌ಲೋಡ್ ಮಾಡುವ ಫಾರ್ಮಿನಲ್ಲಿ ಎರಡು ಖಾನೆ ಇರುತ್ತೆ. ಒಂದು ಸಾಹಿತ್ಯ ಬರೆದವರಿಗೆ, ಇನ್ನೊಂದು ಸಂಗೀತ ಮಾಡಿದವರಿಗೆ. ನಾವು ಬಳಸಿದ ಸೈಟಿನಲ್ಲಿ ಎರಡನ್ನೂ ತುಂಬದೆ ಮುಂದಿನ ಪೇಜ್ ತೆರೆಯಲ್ಲ. ನಮ್ಮ ಬ್ಯಾಂಡಿನ ನಾಲ್ಕು ಹಾಡಿನ ಪುಟ್ಟ ಆಲ್ಬಮ್ ಹಾಕುವಾಗ ರಾತ್ರಿ ಎರಡು ಗಂಟೆ, ಬೆಳಗಾದರೆ ಇಂಟರ್ನಲ್ಸ್. ಫಾರ್ಮ್ ತುಂಬುತ್ತಿದ್ದವನು ನಾನೇ. ಮೂರು ಹಾಡು ನಾವೇ ಬರೆದದ್ದು. ನಾಲ್ಕನೆಯದು ದೊಡ್ಡೇರಿ ಕಡೆಯ ಸೋಬಾನೆ ಪದ, ನಮ್ಮಜ್ಜಿ ಹಾಡುತ್ತಿದ್ದದ್ದು. ಸಾಹಿತ್ಯದ ಖಾನೆಯಲ್ಲಿ 'ಜಾನಪದ' ಅಂತ ಹೊಡೆದೆ. ಸಂಗೀತದ ಖಾನೆಯಲ್ಲಿ ನನ್ನ ಹೆಸರು, ನಮ್ಮ ಗಿಟಾರಿಸ್ಟ್ ಹೆಸರು. ಸಬ್ಮಿಟ್ ಒತ್ತಿ ಮಲಗಿದೆ.

ಎರಡೂ ಖಾನೆಯಲ್ಲಿ ನಾನು ತುಂಬಿದ್ದು ಸರಿಯಿಲ್ಲ ಅಂತ ಈಗ ಅನ್ನಿಸುತ್ತಿದೆ. ಇದು ನಮ್ಮ ಬ್ಯಾಂಡಿನ ಕಥೆ ಮಾತ್ರ ಅಲ್ಲ. ಫೆಸ್ಟಿಗೆ ಜಾನಪದ ಹಾಡನ್ನು ರಾಕ್ ಮಾಡಿ ತರುವ ತಂಡಗಳು ವರ್ಷವರ್ಷ ಜಾಸ್ತಿ ಆಗ್ತಿವೆ, ಅದಕ್ಕೇ ಬರೀತಿದೀನಿ.

ಸಂಗೀತದ ಖಾನೆಯದ್ದು ಮೊದಲು. ಟ್ಯೂನ್ ಅಜ್ಜಿ ಬಾಯಿಂದ ಬಂದದ್ದು. ನಾವು ಮಾಡಿದ್ದು ಅದರ ಕೆಳಗೆ ಕಾರ್ಡ್ಸ್ ಹಾಕಿ, ವೇಗ ಹೆಚ್ಚಿಸಿ, ನಡುವೆ ಒಂದು ಗಿಟಾರ್ ಸೋಲೋ ತೂರಿಸಿದ್ದು. ಅದು ವಾದ್ಯ ಸಂಯೋಜನೆ. ಅದೂ ಕೆಲಸವೇ, ಹದಿನೈದು ದಿನ ನಿದ್ದೆಗೆಟ್ಟಿದ್ದೀವಿ. ಆದರೆ ರಾಗ ನಮ್ಮದಲ್ಲ.

ಯಾರು ಏನು ಮಾಡಿದರು ಅನ್ನೋದನ್ನ ಬಿಡಿಸಿ ಹೇಳೋ ಅಭ್ಯಾಸ ಕನ್ನಡದಲ್ಲಿ ಹೊಸದೇನಲ್ಲ. ಆಕಾಶವಾಣಿಯಲ್ಲಿ ಭಾವಗೀತೆ ಬರುವ ಮುಂಚೆ ರಚನೆ ಯಾರದು, ರಾಗ ಸಂಯೋಜನೆ ಯಾರದು, ಹಾಡಿದವರು ಯಾರು ಅಂತ ಹೇಳೋದನ್ನ ಮನೆಯಲ್ಲಿ ಕೇಳಿರ್ತೀರ. 1978ರಲ್ಲಿ 'ನಿತ್ಯೋತ್ಸವ' ಕ್ಯಾಸೆಟ್ ಬಂದಾಗ ನಿಸಾರ್ ಅಹಮದ್ ಅವರೂ ಮನೆಮಾತಾದರು, ಮೈಸೂರು ಅನಂತಸ್ವಾಮಿ ಅವರೂ ಮನೆಮಾತಾದರು. ಕವಿ ಬೇರೆ, ರಾಗ ಹಾಕಿದವರು ಬೇರೆ ಅಂತ ಕೇಳುಗರಿಗೆ ಗೊತ್ತಿತ್ತು. ಈಗ ಆ್ಯಪ್ ತೆರೆದರೆ ದೊಡ್ಡಕ್ಷರದಲ್ಲಿ ಕಾಣೋದು ಹಾಡಿದವರ ಹೆಸರು ಮಾತ್ರ. ಉಳಿದದ್ದು ಬೇಕಾದರೆ ಮೂರು ಚುಕ್ಕಿ ಒತ್ತಿ ಹುಡುಕಬೇಕು.

ಅದರ ಫಲ ನಮ್ಮ ಫೆಸ್ಟಿನಲ್ಲೇ ನೋಡಿದ್ದೀನಿ. 2008ರಲ್ಲಿ ಬಂದ ರಘು ದೀಕ್ಷಿತ್ ಪ್ರಾಜೆಕ್ಟಿನ ಮೊದಲ ಆಲ್ಬಮ್ 'ಅಂತರಾಗ್ನಿ'ಯಲ್ಲಿ 'ಗುಡುಗುಡಿಯ ಸೇದಿ ನೋಡೋ', 'ಸೋರುತಿಹುದು ಮನಿಯ ಮಾಳಿಗಿ' ಎರಡೂ ಇವೆ. ಸಾಹಿತ್ಯ ಶಿಶುನಾಳ ಶರೀಫರದ್ದು. ರಘು ಅವರಿಂದಾಗಿ ಹೊಸ ಪೀಳಿಗೆಗೆ ಶರೀಫರು ಸಿಕ್ಕರು ಅನ್ನೋದೂ ನಿಜ. ಆದರೆ ನಮ್ಮ ಸ್ಟೇಜಲ್ಲಿ ನಿರೂಪಣೆ ಮಾಡುವವರು ಹೇಳೋದು 'ನೆಕ್ಸ್ಟ್ ರಘು ದೀಕ್ಷಿತ್ ಸಾಂಗ್' ಅಂತ. ಸಿ. ಅಶ್ವತ್ಥ್ ಧಾಟಿಯಲ್ಲಿ ಹಾಡಿದರೂ ಹಾಗೇ ಹೇಳ್ತಾರೆ, ಅದು ಇನ್ನೊಂದು ತಮಾಷೆ.

ಆದರೂ ಶರೀಫರ ಹೆಸರು ಪೂರ್ತಿ ಅಳಿಸಿಹೋಗಲ್ಲ. ಯಾಕೆಂದರೆ ಅವರ ಪದಗಳ ಕೊನೆಗೆ 'ಶಿಶುನಾಳಧೀಶ' ಬಂದೇ ಬರುತ್ತೆ. ವಚನಕಾರರು, ದಾಸರು ಎಲ್ಲರೂ ಮಾಡಿದ್ದು ಇದನ್ನೇ. ಅಂಕಿತ ದೇವರ ಹೆಸರೇ, ಆದರೆ ಬರೆದವರು ಯಾರು ಅಂತ ಅದರಿಂದಲೇ ತಿಳಿಯುತ್ತೆ. ಡಿಸ್ಟಾರ್ಷನ್ ಹಾಕಿ ಹಾಡಿದರೂ ಆ ಕ್ರೆಡಿಟ್ ಹಾಡಿನೊಳಗೇ ಇರುತ್ತೆ.

ಸೋಬಾನೆ ಪದಕ್ಕೆ ಅಂಕಿತ ಇಲ್ಲ. ಒಬ್ಬರು ಎತ್ತಿ ಕೊಡ್ತಾರೆ, ಉಳಿದವರು ಸೊಲ್ಲು ಹಿಡೀತಾರೆ. ಹೆಣ್ಣಿನ ಹೆಸರು, ಬೀಗರ ಊರು, ತಂದ ಸೀರೆಯ ಬಣ್ಣ ಎಲ್ಲವನ್ನೂ ಅಜ್ಜಿ ಅಲ್ಲೇ ನಿಂತು ಸೇರಿಸಿ ಕಟ್ತಾಳೆ. ಅದು ರಚನೆ ಅಲ್ಲದೆ ಇನ್ನೇನು? ಹೆಸರು ಒಳಗಿಲ್ಲದ ಹಾಡಿಗೆ ಹೊರಗಡೆ ಹೆಸರು ಬರೆಯುವ ಕೆಲಸ ನಮ್ಮದೇ.

'ಜಾನಪದಕ್ಕೆ ಕರ್ತೃ ಇರಲ್ಲ ಕಣೋ' ಅಂತ ಗಿಟಾರಿಸ್ಟ್ ವಾದ. ಸರಿ, ಆದರೆ ಜಾನಪದ ಓದಿದವರೇ ಹಾಗೆ ಕೈಬಿಡಲಿಲ್ಲ. ಲೈಬ್ರರಿಯಲ್ಲಿ ಒಳ್ಳೆಯ ಜಾನಪದ ಸಂಗ್ರಹ ಯಾವುದಾದರೂ ತೆಗೆದು ಹಿಂದಿನ ಪುಟ ನೋಡಿ. ವಕ್ತೃಗಳು ಅಂತ ಒಂದು ಪಟ್ಟಿ ಇರುತ್ತೆ: ಹೆಸರು, ಊರು, ವಯಸ್ಸು. ಚಳ್ಳಕೆರೆ ತಾಲ್ಲೂಕಿನ ಕಾಡುಗೊಲ್ಲರ ಸಿರಿಯಜ್ಜಿ ಹೆಸರು ಇವತ್ತಿಗೂ ಉಳಿದಿರೋದು, ಕೃಷ್ಣಮೂರ್ತಿ ಹನೂರರಂಥವರು ಹಾಡಿನ ಜೊತೆಗೆ ಹಾಡಿದವಳನ್ನೂ ಬರೆದದ್ದರಿಂದ. ನಮ್ಮ ಪಕ್ಕದ ಶಿರಾ ಸೀಮೆಯಲ್ಲಿ ಗಣೆ ಊದುತ್ತಾ ಜುಂಜಪ್ಪನ ಕಾವ್ಯ ಹಾಡುವವರನ್ನು ಬರೀ 'ಜಾನಪದ' ಅಂದರೆ ಹೇಗೆ? ಅಷ್ಟು ಸಾಲು ಯಾರದೋ ಒಬ್ಬರ ತಲೆಯಲ್ಲಿ ಕೂತಿರುತ್ತೆ.

ಕಾನೂನು ಇಲ್ಲಿ ಸಹಾಯಕ್ಕೆ ಬರಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಹಕ್ಕು ಇರೋದು ಕರ್ತೃ ತೀರಿಕೊಂಡ ಮೇಲೆ 60 ವರ್ಷ. ಕರ್ತೃ ಯಾರೆಂದೇ ಗೊತ್ತಿಲ್ಲದ ಹಳೇ ಪದಕ್ಕೆ ಏನು ಲೆಕ್ಕ? 2022ರಲ್ಲಿ 'ಕಾಂತಾರ'ದ 'ವರಾಹ ರೂಪಂ' ನಮ್ಮ 'ನವರಸಂ' ಥರ ಇದೆ ಅಂತ ಕೇರಳದ ತೈಕ್ಕುಡಂ ಬ್ರಿಡ್ಜ್ ಬ್ಯಾಂಡ್ ಕೋರ್ಟಿಗೆ ಹೋಯಿತು. ತಡೆಯಾಜ್ಞೆ ಬಂತು, ಒಟಿಟಿಯಲ್ಲಿ ಮೊದಲು ಬೇರೆ ಟ್ಯೂನೇ ಕೇಳಿಸಿತು, ಆಮೇಲೆ ಮೂಲ ಹಾಡು ವಾಪಸ್ ಬಂತು. ಯಾರು ಸರಿ ಅಂತ ಹೇಳೋಕೆ ನಾನು ಯಾರೂ ಅಲ್ಲ. ಬ್ಯಾಂಡಿಗೆ ವಕೀಲರಿದ್ದರು, ರೆಕಾರ್ಡಿಂಗ್ ಇತ್ತು. ಅಜ್ಜಿ ಹತ್ರ ಎರಡೂ ಇಲ್ಲ.

ಇದನ್ನೆಲ್ಲ ಬ್ಯಾಂಡ್ ಗ್ರೂಪಿನಲ್ಲಿ ಹಾಕಿದ್ದಕ್ಕೆ ಕೀಬೋರ್ಡಿನವನು ಬರೆದ: 'ನನ್ನ ಹೆಸರೂ ಇಲ್ಲ, ನಿಮ್ಮಜ್ಜಿ ಹೆಸರೂ ಇಲ್ಲ. ನಾವಿಬ್ಬರೂ ಸೇರಿ ಕೇಸ್ ಹಾಕ್ತೀವಿ.' ನಗಾಡಿದೆವು, ಆದರೆ ಅವನ ಮಾತು ನ್ಯಾಯವಾದದ್ದು. ಮೂರನೇ ಹಾಡಲ್ಲಿ ಎಲ್ಲರೂ ಗುನುಗೋದು ಅವನು ಕಟ್ಟಿದ ಇಂಟರ್‌ಲ್ಯೂಡನ್ನೇ. ಪ್ರೋಕೋಲ್ ಹಾರಮ್ ಅನ್ನೋ ಬ್ರಿಟಿಷ್ ಬ್ಯಾಂಡಿನ ಆರ್ಗನ್ ವಾದಕ ಮ್ಯಾಥ್ಯೂ ಫಿಶರ್ 1967ರ 'ಎ ವೈಟರ್ ಶೇಡ್ ಆಫ್ ಪೇಲ್' ಹಾಡಿನಲ್ಲಿ ತನಗೂ ಪಾಲಿದೆ ಅಂತ ಕೋರ್ಟಿಗೆ ಹೋಗಿ, 2009ರಲ್ಲಿ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಗೆದ್ದ. ಹಾಡು ಬಂದು 42 ವರ್ಷ ಆಗಿತ್ತು! ಇದಕ್ಕಿಂತ ಆರ್.ಇ.ಎಮ್. ಬ್ಯಾಂಡಿನವರ ದಾರಿ ವಾಸಿ: ಯಾರು ಬರೆದರೂ ನಾಲ್ಕೂ ಜನರ ಹೆಸರು, ಅದೂ ಅಕಾರಾದಿಯಲ್ಲಿ. ನಮ್ಮ ಮೂರು ಹಾಡಿಗೆ ಈಗ ಐದೂ ಜನರ ಹೆಸರು ಹಾಕಿದ್ದೀವಿ. ಗಿಟಾರಿಸ್ಟ್ ಇನ್ನೂ ಮುನಿಸಿಕೊಂಡಿದ್ದಾನೆ.

ನಾಲ್ಕನೆಯದಕ್ಕೆ ಊರಿಗೆ ಫೋನ್ ಮಾಡಿ, 'ಅಜ್ಜಿ, ಪದಕ್ಕೆ ನಿನ್ ಹೆಸ್ರು ಹಾಕ್ತೀನಿ' ಅಂದೆ.

'ನಂದ್ಯಾಕ್ಲಾ ಮಗ? ನಮ್ಮ ವಾರಗಿತ್ತಿ ಹೇಳ್ಕೊಟ್ಟಿದ್ದು ಅದು. ಹಾಕೋದಾದ್ರೆ ಆಯಮ್ಮಂದು ಹಾಕು.'

ಆಯಮ್ಮ ತೀರಿಕೊಂಡು ಎಷ್ಟೋ ವರ್ಷ ಆಯ್ತು. ಎರಡೂ ಹೆಸರು ಹಾಕ್ತೀನಿ ಅಂದೆ. 'ಹಾಡಿಕೊಟ್ಟವರು' ಅಂತ ಖಾನೆ ಆ ಫಾರ್ಮಿನಲ್ಲಿ ಇಲ್ಲ, ಹಾಗಾಗಿ ಸದ್ಯಕ್ಕೆ ಸಾಹಿತ್ಯ, ಸಂಗೀತ ಎರಡರಲ್ಲೂ ಅವರಿಬ್ಬರೇ ಇದ್ದಾರೆ. ವಿವರಣೆಯಲ್ಲಿ ಊರು ದೊಡ್ಡೇರಿ, ವಾದ್ಯ ಸಂಯೋಜನೆ ನಾವು.