ಎಸ್‌ಎಂಎ ಔಷಧಿ: 6 ಲಕ್ಷದ ಬಾಟಲಿ 15,900ಕ್ಕೆ ಇಳೀತು, ಆದರೂ ಬಡವರಿಗೆ ಎಟುಕೀತಾ?

ಲಕ್ಷ್ಮೇಶ್ವರ: ‘ಮಗುವಿನ 16 ಕೋಟಿ ಇಂಜೆಕ್ಷನ್‌ಗೆ ನೆರವಾಗಿ’ ಅನ್ನೋ ವಾಟ್ಸ್‌ಆ್ಯಪ್ ಮೆಸೇಜ್ ನೋಡದವರು ಕಡಿಮೆ. ಆ ರೋಗ ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ, ಅಂದ್ರೆ ಎಸ್‌ಎಂಎ. ಇದೇ ರೋಗಕ್ಕೆ ದಿನಾ ಬಾಯಿಗೆ ಹಾಕುವ ಔಷಧಿ ರಿಸ್ಡಿಪ್ಲಾಮ್. ರೋಶ್ ಕಂಪನಿಯ ಬಾಟಲಿಗೆ ಸುಮಾರು 6 ಲಕ್ಷ ರೂಪಾಯಿ ಇತ್ತು. ಪೇಟೆಂಟ್ ಜಗಳ ಸುಪ್ರೀಂ ಕೋರ್ಟ್‌ವರೆಗೆ ಹೋಯ್ತು. 2025ರ ಅಕ್ಟೋಬರ್‌ನಲ್ಲಿ ಕೋರ್ಟ್ ರೋಶ್ ಅರ್ಜಿ ತಳ್ಳಿಹಾಕಿತು. ಹೈದರಾಬಾದಿನ ನ್ಯಾಟ್ಕೊ ಅದನ್ನೇ 15,900 ರೂಪಾಯಿಗೆ ಮಾರುಕಟ್ಟೆಗೆ ಬಿಟ್ಟಿದೆ.

ರೋಗ ಯಾಕ ಬರ್ತದ?

ಸ್ನಾಯುಗಳನ್ನು ಆಡಿಸುವ ಬೆನ್ನುಹುರಿಯ ನರಕೋಶಗಳು ಉಳಿಯಲು ಎಸ್‌ಎಂಎನ್ ಎಂಬ ಪ್ರೋಟೀನ್ ಬೇಕು. ಅದನ್ನು ತಯಾರಿಸುವ ಎಸ್‌ಎಂಎನ್-1 ಜೀನ್ ಇಲ್ಲದಿದ್ದರೆ ರೋಗ ಬರುತ್ತದೆ ಎಂದು 1995ರಲ್ಲಿ ಫ್ರಾನ್ಸ್‌ನ ಸಂಶೋಧಕರು ಪತ್ತೆ ಮಾಡಿದರು. ಪಕ್ಕದಲ್ಲೇ ಎಸ್‌ಎಂಎನ್-2 ಜೀನ್ ಇದೆ, ಆದರೆ ಅದು ತಯಾರಿಸುವ ಪ್ರೋಟೀನ್ ಬಹುಪಾಲು ಅರೆಬರೆ. ರಿಸ್ಡಿಪ್ಲಾಮ್ ಅದರಿಂದಲೇ ಪೂರ್ತಿ ಪ್ರೋಟೀನ್ ಹೆಚ್ಚು ತೆಗೆಸುತ್ತದೆ. ಸತ್ತ ನರಕೋಶ ಮಾತ್ರ ಮತ್ತೆ ಬರೋದಿಲ್ಲ. ಅದಕ್ಕೇ ತಡ ಮಾಡಿದಷ್ಟೂ ನಷ್ಟ.

ಲೆಕ್ಕ ಹಾಕಿದರೆ

20 ಕೆಜಿ ಮೇಲಿನವರಿಗೆ ದಿನಕ್ಕೆ 5 ಮಿಲಿಗ್ರಾಂ. 60 ಮಿಲಿಗ್ರಾಂ ಬಾಟಲಿ 12 ದಿನಕ್ಕೆ ಖಾಲಿ. ವರ್ಷಕ್ಕೆ ಸುಮಾರು 30 ಬಾಟಲಿ, 4.8 ಲಕ್ಷ ರೂಪಾಯಿ. ಮೊದಲು 1.8 ಕೋಟಿ ಆಗ್ತಿತ್ತು. ಇಳಿಕೆ ದೊಡ್ಡದೇ, ಆದರೆ ಔಷಧಿ ಜೀವನಪೂರ್ತಿ. ಸಣ್ಣ ಅಂಗಡಿ, ಒಣಬೇಸಾಯದ ಮನೆಗೆ ಇದೂ ಭಾರವೇ. ಕೇಂದ್ರದ ಅಪರೂಪದ ಕಾಯಿಲೆ ನೀತಿಯಲ್ಲಿ ಒಬ್ಬ ರೋಗಿಗೆ 50 ಲಕ್ಷದವರೆಗೆ ನೆರವಿದೆ. ಹಳೇ ದರಕ್ಕೆ ಅದು ನಾಲ್ಕು ತಿಂಗಳೂ ಸಾಲುತ್ತಿರಲಿಲ್ಲ. ಈಗ ಹತ್ತು ವರ್ಷ ಬರುತ್ತದೆ. ಹೆಸರು ನೋಂದಾಯಿಸಬೇಕಿರೋದು ಬೆಂಗಳೂರಿನ ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆ ಜತೆಗಿನ ಮಾನವ ತಳಿಶಾಸ್ತ್ರ ಕೇಂದ್ರದಲ್ಲಿ.

ಸಂಬಂಧದ ಮಾತು

ತಂದೆ-ತಾಯಿ ಇಬ್ಬರಲ್ಲೂ ಕೆಟ್ಟ ಪ್ರತಿ ಇದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಸೋದರಮಾವ, ಅತ್ತೆ ಮಕ್ಕಳ ಮದುವೆಯಲ್ಲಿ ಈ ಸಾಧ್ಯತೆ ಹೆಚ್ಚು. ಹಂಗಂತ ಹೊರಗ ಸಂಬಂಧ ಮಾಡಿದ್ರ ಬರೂದೇ ಇಲ್ಲ ಅನ್ನಂಗಿಲ್ಲ, ಸುಮಾರು 50 ಜನರಲ್ಲಿ ಒಬ್ಬರಲ್ಲಿ ಕೆಟ್ಟ ಪ್ರತಿ ಇರುತ್ತದೆ. ಇದರಲ್ಲಿ ಸೊಸೆಯದೊಬ್ಬಳದೇ ತಪ್ಪಿಲ್ಲ, ಯಾರ ಶಾಪವೂ ಅಲ್ಲ.

ಕೂಸು ಕುತ್ತಿಗೆ ನಿಲ್ಲಿಸದಿದ್ದರೆ, ಕೈಕಾಲು ಜೋತು ಬಿದ್ದರೆ ‘ಮುಂದ ಸರಿ ಹೋಗ್ತದ’ ಅಂತ ಕಾಯದೆ ಮಕ್ಕಳ ವೈದ್ಯರಿಗೆ ತೋರಿಸಬೇಕು. ರಕ್ತದ ಜೀನ್ ಪರೀಕ್ಷೆಯಲ್ಲಿ ರೋಗ ಗೊತ್ತಾಗುತ್ತದೆ. ಮನೆಯಲ್ಲಿ ಒಂದು ಮಗುವಿಗೆ ಇದ್ದರೆ ಮುಂದಿನ ಬಸಿರಿಗೂ ಮೊದಲೇ ದಂಪತಿ ಪರೀಕ್ಷೆ ಮಾಡಿಸಿಕೊಳ್ಳಬೇಕು.